ಪಡುವಣ ಕಟಾಂಜನ

ಟೈಲ್ಸ್ ಹಾಕಿಸೋಣ ಎಂಬ ಮಾತು ನನ್ನ ಬಾಯಿಂದ ಹೊರಟ ದಿನ ಯಾರಾದರೂ ನನ್ನನ್ನು ಉಗ್ರಾಣದಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ಹಾಕಲಿಲ್ಲ. "ಹೌದ್ರಿ ಹೇಮಕ್ಕ, ಟೈಲ್ಸ್ ಆದ್ರ ಒರಸೂದು ಭಾಳ ಸಲೀಸು" ಎಂದು ಎಲ್ಲರೂ ತಲೆಯಾಡಿಸಿದರು. ಆಮೇಲೆ ಆಗಬಾರದ್ದೆಲ್ಲ ಆಗುವಾಗ ಆ ತಲೆಗಳಲ್ಲಿ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಸುಮುಖ ವಿಶ್ರಾಂತಿ ಗೃಹಕ್ಕೆ ನೂರಾ ಹನ್ನೊಂದು ವರ್ಷ. ಕೆಳಗೆ ಊಟ ತಿಂಡಿಯ ಪಡಸಾಲೆ, ಮೇಲೆ ಇಳಿದುಕೊಳ್ಳುವವರಿಗೆ ಹನ್ನೆರಡು ಕೋಣೆ, ಕೋಣೆಗಳ ಮುಂದೆ ಪಡುವಣ ಬೀದಿಯ ಮೇಲೆ ಚಾಚಿಕೊಂಡ ಉದ್ದನೆಯ ಮೊಗಸಾಲೆ. ಕಟ್ಟಿಸಿದವರು ನನ್ನ ತಾಯಿಯ ಅಜ್ಜ. ಇಪ್ಪತ್ತನಾಲ್ಕು ವರ್ಷದಿಂದ ನಡೆಸುತ್ತಿರುವವಳು ನಾನು. ಒಂದು ಬೆಳಿಗ್ಗೆ ಪುರಸಭೆಯಿಂದ ಕಾಗದ ಬಂತು: ತೊಲೆಗಳು ಬಾಗಿವೆ, ಚರಂಡಿ ಒಡೆದಿದೆ, ಆರು ತಿಂಗಳೊಳಗೆ ದುರಸ್ತಿಯಾಗದಿದ್ದರೆ ಬೀಗ ಹಾಕುತ್ತೇವೆ. ಅದೇ ಅಂಚೆಯಲ್ಲಿ ಪುರಾತನ ಕಟ್ಟಡ ಸಂರಕ್ಷಣಾ ಸಮಿತಿಯಿಂದ ಇನ್ನೊಂದು ಕಾಗದ: ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಮೊಳೆಯನ್ನೂ ಕೀಳುವಂತಿಲ್ಲ. ಒಬ್ಬರು ಮಾಡದಿದ್ದರೆ ಮುಚ್ಚುತ್ತೇವೆ ಎನ್ನುತ್ತಾರೆ, ಇನ್ನೊಬ್ಬರು ಮಾಡಿದರೆ ಬಿಡುವುದಿಲ್ಲ ಎನ್ನುತ್ತಾರೆ. ಎರಡನ್ನೂ ತಂದುಕೊಟ್ಟ ಅಂಚೆಯವನು ಕಾಫಿಗೆ ಕಾದು ನಿಂತಿದ್ದ.

ಇಷ್ಟಾದ ಮೇಲೆ ವಾಲುವುದರ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರು ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಪಡುವಣಕ್ಕೆ ವಾಲುತ್ತದೆ. ಹನ್ನೊಂದು ನಿಮಿಷ. ತಟ್ಟೆಯ ಒಂದು ಅಂಚು ಹಿಡಿದು ಮೆಲ್ಲಗೆ ಎತ್ತಿದ ಹಾಗೆ, ಮತ್ತೆ ಮೆಲ್ಲಗೆ ಇಳಿಸಿದ ಹಾಗೆ. ಆ ಹೊತ್ತಿಗೆ ಕ್ಷೌರದವನು ಕತ್ತಿ ಕೆಳಗಿಟ್ಟು ಗಿರಾಕಿಯ ಹೆಗಲು ಹಿಡಿದು ನಿಲ್ಲುತ್ತಾನೆ. ಬಸ್ಸುಗಳು ಐದು ನಿಮಿಷ ಮೊದಲೇ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಲ್ಲುತ್ತವೆ. ಬಾಣಂತಿಯರು ಕೂಸನ್ನೆತ್ತಿಕೊಂಡು ಪಡುವಣ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಅಷ್ಟೆ. ಬಿಸಿಲಿನ ಬಗ್ಗೆ ಮಾತಾಡುವಷ್ಟೂ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹೋಟೆಲು ಕಟ್ಟಿದವರು ಇದನ್ನು ತಿಳಿದೇ ಕಟ್ಟಿದ್ದರು. ಬೆಂಚುಗಳನ್ನು ಪಡುವಣಕ್ಕೆ ಬೆನ್ನು ಮಾಡಿ ನೆಲದಲ್ಲಿ ಊರಿದ್ದರು. ಮೇಜುಗಳ ಅಂಚಿಗೆ ಎರಡು ಬೆರಳೆತ್ತರದ ಮರದ ಕಟ್ಟೆ. ಕಾಲು ಜಾರದ ಹಾಗೆ ಕಲ್ಲುಹಾಸಿನ ತುಂಬ ಅಡ್ಡಗೀರು. ಸಾಂಬಾರಿನ ಬಕೆಟ್ಟನ್ನು ಆ ಹೊತ್ತಿಗೆ ತೊಲೆಯ ಕೊಕ್ಕೆಗೆ ನೇತುಹಾಕುತ್ತೇವೆ. ಅದೊಂದು ನೆಟ್ಟಗೆ ನೇತಾಡುತ್ತ ನಮ್ಮನ್ನೆಲ್ಲ ಡೊಂಕು ಮಾಡಿ ತೋರಿಸುತ್ತದೆ. ಮೇಲಿನ ಮೊಗಸಾಲೆಗೆ ಮಾತ್ರ ಮರದ ಕಟಾಂಜನ, ಎದೆಮಟ್ಟದ ಕಂಬಿಸಾಲು. ಊರು ವಾಲುವಾಗ ಅದಕ್ಕೆ ಎದೆಯೊತ್ತಿ ನಿಂತರೆ ಮೈಭಾರವೆಲ್ಲ ಅದರ ಮೇಲೆ ಬಿದ್ದು, ಕೆಳಗಿನ ಬೀದಿ ಪೂರ್ತಿ ಮುಖದೆದುರಿಗೆ ಎದ್ದು ಬರುತ್ತದೆ. ಪರವೂರಿನವರು ಅದಕ್ಕೆಂದೇ ನಮ್ಮಲ್ಲಿ ಕೋಣೆ ಹಿಡಿಯುತ್ತಿದ್ದರು. ಊರವರು ಒಂದು ಕಾಫಿ ಹೇಳಿ ಮೇಲೆ ಹೋಗಿ ನಿಲ್ಲುತ್ತಿದ್ದರು.

ದುರಸ್ತಿಗೆ ಎಂಜಿನಿಯರ್ ಬೇಕಲ್ಲ. ಹಳೆಯ ಬಂಗಲೆಗಳನ್ನು ಹೊಸದು ಮಾಡುವುದರಲ್ಲಿ ಹೆಸರಾದವನು ಎಂದು ಯಾರೋ ಹೇಳಿದ್ದರಿಂದ ಅಜಿತ ಬಳ್ಳೊಳ್ಳಿ ಎಂಬುವನನ್ನು ಪರವೂರಿನಿಂದ ಕರೆಸಿದೆ. ಮೂವತ್ತೈದರ ಒಳಗಿನ ಆಳು, ಕೈಯಲ್ಲಿ ಕೆಂಪು ಗೆರೆ ಬಿಡುವ ಅಳತೆಯ ಯಂತ್ರ. ಬೆಳಿಗ್ಗೆಯೆಲ್ಲ ಅಳೆಯುತ್ತಿದ್ದ. ಮೂರು ಗಂಟೆಯಾಗುತ್ತಲೇ ತನ್ನ ಕೋಣೆ ಸೇರಿ ಮಂಚದ ಕಾಲು ಹಿಡಿದು ಕೂರುತ್ತಿದ್ದ. ಮೂರೂ ಮೂವತ್ತೈದಕ್ಕೆ ಏನೂ ಆಗಿಲ್ಲವೆಂಬಂತೆ ಕ್ರಾಪು ಬಾಚಿಕೊಂಡು ಹೊರಗೆ ಬರುತ್ತಿದ್ದ. ಹತ್ತು ದಿನಕ್ಕೆ ನಕ್ಷೆ ಬಂತು. ಎಲ್ಲ ಚೆಂದವಿತ್ತು.

"ವಾಲೂದು ಎಲ್ಲೈತ್ರಿ ಇದರಾಗ?" ಎಂದೆ.

"ಅದು ದಿನಕ್ಕೆ ಹನ್ನೊಂದು ನಿಮಿಷ ಮೇಡಂ. ಉಳಿದ ಇಪ್ಪತ್ಮೂರು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ನಾನು ಡಿಸೈನ್ ಮಾಡಿದ್ದೀನಿ."

ಆಗಲೇ ಅವನನ್ನು ಬಸ್ಸು ಹತ್ತಿಸಬೇಕಿತ್ತು. ಹತ್ತಿಸಲಿಲ್ಲ, ಯಾಕೆಂದರೆ ಆ ನಕ್ಷೆಯಲ್ಲಿ ಟೈಲ್ಸ್ ಇತ್ತು. ಗೀರುಗಲ್ಲಿನ ನೆಲವನ್ನು ಇಪ್ಪತ್ತನಾಲ್ಕು ವರ್ಷ ತಿಕ್ಕಿಸಿದವಳು ನಾನು. ಪ್ರತಿಯೊಂದು ಗೀರಿನಲ್ಲೂ ಒಂದೊಂದು ಬೇಳೆಕಾಳು. ಜಾರದ ಟೈಲ್ಸೇ ಬರುತ್ತದೆ ಎಂದ, ನಂಬಿದೆ. ಮೇಜಿನ ಕಟ್ಟೆ ತೆಗೆದರೆ ನೋಡಲು ನೀಟಾಗಿರುತ್ತದೆ ಎಂದ, ಅದಕ್ಕೂ ಹೂಂ ಎಂದೆ.

ಇನ್ನು ಸಮಿತಿ. ಸಮಿತಿ ಎಂದರೆ ನನಗೆ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದ ಅಂಬುಜಾಕ್ಷಿ ಅಕ್ಕೋರು. ಉಳಿದ ನಾಲ್ವರು ಸದಸ್ಯರು ಅಕ್ಕೋರು ಬೆರಳಿಟ್ಟ ಕಡೆ ಸಹಿ ಹಾಕುವವರು. ವಯಸ್ಸು ಎಪ್ಪತ್ತೊಂದು, ಕಂಕುಳಲ್ಲಿ ದಪ್ಪ ರಿಜಿಸ್ಟರು, ಕೈಯಲ್ಲಿ ಒಂದಡಿ ಸ್ಕೇಲು. ಮೂರು ದಿನ ಹೋಟೆಲಿನ ಮೂಲೆಮೂಲೆ ತಿರುಗಿ ಯಾವುದನ್ನು ಮುಟ್ಟಬಾರದು ಎಂದು ಪಟ್ಟಿ ಮಾಡಿದರು. ಕಲ್ಲುಹಾಸು ನಲವತ್ತು ವರ್ಷದ ಹಿಂದೆ ಮೊದಲಿನದರಂತೆಯೇ ಹೊಸದಾಗಿ ಹಾಕಿದ್ದೆಂದು ಅವರ ರಿಜಿಸ್ಟರಿನಲ್ಲೇ ಇತ್ತು. ಹಾಗಾಗಿ ಅದು ಪುರಾತನವಲ್ಲ, ಬೇಕಾದರೆ ಕಿತ್ತುಕೊಳ್ಳಿ ಎಂದರು. ಬಚ್ಚಲಿನಲ್ಲಿ ನೀರು ತುಂಬುವ ಒಡಕು ಹರವಿ ಮಾತ್ರ ಪುರಾತನ.

"ಅಕ್ಕೋರ, ಆ ಹರವಿ ನಾನs ಒಡದದ್ದು. ಹ್ವಾದ ವರ್ಷ."

"ಒಡದದ್ದು ಹ್ವಾದ ವರ್ಷ ಹೇಮಾ. ಹರವಿ ಹಳೇದದ."

ಹರವಿಗೊಂದು ನಂಬರು ಬಿತ್ತು. ಕಟಾಂಜನಕ್ಕೆ ಮೊದಲ ನಂಬರು. ಅದನ್ನು ತೆಗೆಯುವುದಿರಲಿ, ಬಣ್ಣ ಬಳಿಯಬೇಕಾದರೂ ಅರ್ಜಿ ಕೊಡಬೇಕು.

ಟೈಲ್ಸ್ ಹಾಕಿ ಮುಗಿದ ದಿನ ಬಳ್ಳೊಳ್ಳಿ ಎಲ್ಲರನ್ನೂ ಪಡಸಾಲೆಗೆ ಕರೆದ. ಅಂದು ಕೋಣೆ ಸೇರಲಿಲ್ಲ. ನಡುಮಧ್ಯೆ ಚಹಾ ಕಪ್ಪು ಹಿಡಿದು ನಿಂತು, "ನೋಡಿ ಮೇಡಂ, ಒಂದಿಂಚೂ ಜರುಗಲ್ಲ" ಎಂದ. ನಾನು ಗೋಡೆಯ ಹಿಡಿ ಹಿಡಿದುಕೊಂಡಿದ್ದೆ. ಊರು ವಾಲಿತು. ಬಳ್ಳೊಳ್ಳಿ ನಿಂತ ಭಂಗಿಯಲ್ಲೇ ಹೊರಟ. ಕಪ್ಪು ಕೈಯಲ್ಲೇ ಇತ್ತು, ಮುಖದ ಮೇಲೆ ನಗೆಯೂ ಇತ್ತು. ಪಡಸಾಲೆಯನ್ನು ಉದ್ದಕ್ಕೂ ದಾಟಿ ಕೈತೊಳೆಯುವ ತೊಟ್ಟಿಗೆ ಹೋಗಿ ಬಡಿದ. ಅವನ ಹಿಂದೆಯೇ ಕಟ್ಟೆ ತೆಗೆಸಿದ್ದ ಮೇಜುಗಳು ಮೂರು ಒಂದರ ಹಿಂದೊಂದು ಹೋಗಿ ಅವನ ಮೇಲೆ ಬಿದ್ದವು. ಎಡಗೈ ಮೂಳೆ ಬಿರುಕು ಬಿಟ್ಟಿತು. ಪಟ್ಟಿ ಕಟ್ಟಿಸಿಕೊಂಡು ಬಂದವನು ಹೇಳಿದ್ದೇನು? "ಸಿಮೆಂಟು ಇನ್ನೂ ಒಣಗಿರಲಿಲ್ಲ ಮೇಡಂ."

ಮರುದಿನ ಬೆಳಿಗ್ಗೆ ಸುತ್ತಿಗೆ ತರಿಸಿ ಮೊದಲ ಟೈಲ್ಸನ್ನು ನಾನೇ ಒಡೆದೆ. ಪುಣ್ಯಕ್ಕೆ ಹಳೆಯ ಕಲ್ಲುಗಳು ಹಿತ್ತಲಲ್ಲೇ ಬಿದ್ದಿದ್ದವು. ತಿರುಗಿ ಹಾಸುವುದರಲ್ಲಿ ಇಪ್ಪತ್ತು ದಿನ ಹೋಯಿತು. ಆರು ತಿಂಗಳಲ್ಲಿ ಅಷ್ಟರಲ್ಲಾಗಲೇ ಮೂರು ತಿಂಗಳು ಕಳೆದಿತ್ತು.

ಮೇಜುಗಳಿಗೆ ಮತ್ತೆ ಕಟ್ಟೆ ಕೂರಿಸಬೇಕಾದ್ದರಿಂದ ಮೌನೇಶ ಬಡಿಗೇರನ ಹತ್ತಿರ ಹೋದೆ. ನಮ್ಮ ಹೋಟೆಲಿನ ಮರದ ಕೆಲಸವೆಲ್ಲ ಅವನ ಅಜ್ಜನದು. ನಾಳೆ ಬರುತ್ತೇನೆ ಎಂದ. ಆರನೆಯ ದಿನ ಬಂದ. ಬಂದವನು ಮೇಜಿನ ಕಡೆ ತಿರುಗಿಯೂ ನೋಡದೆ ನೇರ ಮೇಲೆ ಹೋದ. ಕಟಾಂಜನದ ಉದ್ದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟುತ್ತ ನಡೆದು ನಡುವೆ ಒಂದು ಕಡೆ ನಿಂತು, ಸಣ್ಣ ಉಳಿಯೊಂದನ್ನು ತೆಗೆದು ಮೆಲ್ಲಗೆ ಒತ್ತಿದ. ಉಳಿ ಬೆಣ್ಣೆಯೊಳಗೆ ಹೋದಂತೆ ಹಿಡಿಯವರೆಗೂ ಹೋಯಿತು.

"ಇದು ಕಟಗಿ ಅಲ್ರಿ ಹೇಮಕ್ಕ" ಎಂದ. "ಕಟಗಿ ಹುಳ ತಿಂದು ಹೋಗೇತಿ. ಬಣ್ಣ ಒಂದು ನಿಂತೈತಿ."

ಕೆಲಸಕ್ಕೆಂದು ಹೋಟೆಲು ಮುಚ್ಚುವವರೆಗೂ ದಿನಾ ಅಲ್ಲಿ ಇಪ್ಪತ್ತು ಮೂವತ್ತು ಜನ ಎದೆಯೊತ್ತಿ ನಿಲ್ಲುತ್ತಿದ್ದರು. ಅಂದೇ ಮೊಗಸಾಲೆಗೆ ಹಗ್ಗ ಕಟ್ಟಿಸಿ ಅಕ್ಕೋರಿಗೆ ಹೇಳಿ ಕಳಿಸಿದೆ.

ಅಕ್ಕೋರು ಉಳಿ ಹೋದ ತೂತನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಒಂದು ತೂತಿಗೆ ನೂರಾ ಹನ್ನೊಂದು ವರ್ಷದ ಕಟಾಂಜನ ಕೀಳಸ್ತೀಯೇನು?" ಎಂದರು.

"ಅಕ್ಕೋರ, ಇದನ್ನ ಮಾಡಿದವರ ಮೊಮ್ಮಗನs ಹೇಳಾಕತ್ತಾನ."

"ನಮ್ಮಜ್ಜ ಇದ್ದಿದ್ರ ಎಂದೋ ತಗೀತಿದ್ದ ನೋಡ್ರಿ" ಎಂದ ಮೌನೇಶ. "ಅಂವಗ ಮಂದಿ ನಿಂದರೂದು ಬೇಕಾಗಿತ್ತು, ಕಟಗಿ ಅಲ್ಲ."

ಅಕ್ಕೋರು ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ತರಗತಿಯಲ್ಲಿ ನಿಂತು ಹೇಳುವ ದನಿಯಲ್ಲಿ ಹೇಳಿದರು. "ಸಾಲಿ ಕಟ್ಟಡಕ್ಕ ಮೊದಲು ಒಂದು ಬಾಗಲಾ ಅಂದ್ರು. ಆತು ಅಂದೆ. ಆಮ್ಯಾಲೆ ಕಿಡಕಿ ಅಂದ್ರು. ಅದಕ್ಕೂ ಆತು ಅಂದೆ. ಈಗ ಆ ಸಾಲಿ ಎಲ್ಲದ ಹೇಳು? ವಾಚನಾಲಯಕ್ಕ ಬರೇ ಮಾಳಿಗಿ ಅಂದ್ರು. ಎಲ್ಲದ ವಾಚನಾಲಯ? ನಾ ಹೂಂ ಅಂದದ್ದೆಲ್ಲಾ ಹೋಗೇದ ಹೇಮಾ. ಇದಕ್ಕ ಹೂಂ ಅನ್ನೂದಿಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಶಾಲೆಯಿದ್ದ ಜಾಗದಲ್ಲಿ ಈಗ ಲಾರಿ ನಿಲ್ಲಿಸುತ್ತಾರೆ. ಆದರೆ ಹುಳ ತಿಂದ ಕಟಾಂಜನಕ್ಕೆ ಅದು ಗೊತ್ತೇ? ನಾನು ಕೈಮುಗಿದೆ, ಸಿಟ್ಟು ಮಾಡಿದೆ, ಕಾಫಿ ಕೊಟ್ಟೆ. ಅವರು ಕಾಫಿ ಕುಡಿದು ರಿಜಿಸ್ಟರು ಎತ್ತಿಕೊಂಡು ಹೋದರು. ಎಂಟು ದಿನ ಹೀಗೇ ಹೋಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಮೂರೂ ಕಾಲು ದಾಟುತ್ತಲೇ ಬಂದು, "ನಡೀರಿ ಮ್ಯಾಲೆ, ಎಷ್ಟು ಗಟ್ಟಿ ಅದ ಅಂತ ತೋರಸ್ತೀನಿ" ಎಂದರು. ತಮಾಷೆ ಎಂದುಕೊಂಡೆವು. ನಾನು, ಮೌನೇಶ, ಕೈಗೆ ಪಟ್ಟಿ ಕಟ್ಟಿದ ಬಳ್ಳೊಳ್ಳಿ ಹಿಂದೆಯೇ ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಹಗ್ಗ ದಾಟಿ ಕಟಾಂಜನಕ್ಕೆ ಎದೆಯೊತ್ತಿ ನಿಂತಾಗಿತ್ತು.

"ಅಕ್ಕೋರ, ಈ ಕಡೆ ಬರ್ರಿ!"

"ಸಣ್ಣಾಕಿ ಇದ್ದಾಗಿಂದ ನಿಂತೀನಿ ಇಲ್ಲೆ" ಎಂದರು. ಊರು ವಾಲತೊಡಗಿತು. ಒಂದು ನಿಮಿಷ ಏನೂ ಆಗಲಿಲ್ಲ. ಅವರು ಹಿಂದಕ್ಕೆ ತಿರುಗಿ, "ನೋಡ್ರಿ" ಎಂದರು.

ಮುರಿದ ಸದ್ದು ದೊಡ್ಡದೇನಿರಲಿಲ್ಲ, ಹಪ್ಪಳ ಮುರಿದಂತಿತ್ತು. ಎರಡು ಮಾರು ಕಟಾಂಜನ ಹಾಗೇ ಬೀದಿಗೆ ಬಿತ್ತು. ಮೌನೇಶ ಹಾರಿ ಅವರ ಸೊಂಟ ಹಿಡಿದ. ನಾನು ಕಾಲುಗಳ ಮೇಲೆ ಬಿದ್ದೆ. ಅಷ್ಟು ಹೊತ್ತಿಗೆ ಅವರ ಎದೆ, ತಲೆ, ಎರಡೂ ಕೈ ಮೊಗಸಾಲೆಯ ಆಚೆಗಿದ್ದವು. ನೆಲ ಇನ್ನೂ ವಾಲುತ್ತಿತ್ತು, ಮೂವರೂ ಅಂಚಿನತ್ತ ಸರಿಯುತ್ತಿದ್ದೆವು. ಬಳ್ಳೊಳ್ಳಿ ಒಳ್ಳೆಯ ಕೈಯಿಂದ ಕಲ್ಲುಕಂಬ ತಬ್ಬಿಕೊಂಡು ತನ್ನ ಕಾಲನ್ನು ನನ್ನ ಕಂಕುಳಿಗೆ ಅಡ್ಡ ಕೊಟ್ಟ. ಸರಿಯುವುದು ನಿಂತಿತು. ಮೇಲೆಳೆಯುವ ಶಕ್ತಿ ಯಾರಿಗೂ ಇರಲಿಲ್ಲ. ಊರು ಸಮವಾಗುವವರೆಗೂ ಹಿಡಿದುಕೊಂಡಿರುವುದೊಂದೇ ದಾರಿ.

"ಎಷ್ಟಾತ್ರಿ?" ಎಂದ ಮೌನೇಶ, ಹಲ್ಲು ಕಚ್ಚಿ.

"ಮೂರು" ಎಂದ ಬಳ್ಳೊಳ್ಳಿ.

ನನಗೆ ಒಂದು ತಾಸಾದಂತಿತ್ತು. ಅಕ್ಕೋರ ಕನ್ನಡಕ ಕೆಳಗೆ ಬಿದ್ದ ಸದ್ದು ಕೇಳಿತು. ಕೂಗಿಕೊಳ್ಳುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಅವರ ಕಾಲು ಮಾತ್ರ ನನ್ನ ಎದೆಯ ಕೆಳಗೆ ಒಂದೇ ಸಮನೆ ನಡುಗುತ್ತಿತ್ತು. ಬೈಯಬೇಕೆನಿಸಿತು. ಬೈದೆ ಕೂಡ. "ನಿಮ್ಮ ರಿಜಿಸ್ಟರಿಗೆ ಬೆಂಕಿ ಹಾಕ್ಲಿ, ನಿಮ್ಮ ಸಮಿತಿಗೆ ಬೆಂಕಿ ಹಾಕ್ಲಿ" ಎಂದು ಅಳುತ್ತ ಬೈಯುತ್ತಿದ್ದೆ. ನನಗೆ ಕಲಿಸಿದ ಅಕ್ಕೋರನ್ನು ಹಾಗೆ ಬೈದದ್ದು ಅದೇ ಮೊದಲು. ಬಳ್ಳೊಳ್ಳಿ ನಡುನಡುವೆ ಐದು, ಏಳು, ಒಂಬತ್ತು ಎಂದು ಹೇಳುತ್ತಲೇ ಇದ್ದ. ಹನ್ನೊಂದು ಎಂದ. ನೆಲ ಸಮವಾಯಿತು, ಎಳೆದುಕೊಂಡೆವು.

ಬೀದಿಯಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ, ವಾಲುವ ಹೊತ್ತಿಗೆ ಅಲ್ಲಿ ಯಾರೂ ನಡೆಯುವುದಿಲ್ಲ. ಬಿದ್ದ ತುಂಡನ್ನು ನೋಡಲು ಹೋದರೆ ಒಳಗೆಲ್ಲ ಬರೀ ಹುಡಿ. ಅಕ್ಕೋರು ನೀರು ಕುಡಿದರು, ಸೀರೆಯ ನೆರಿಗೆ ಸರಿ ಮಾಡಿಕೊಂಡರು, ಮನೆಗೆ ಹೋದರು.

ಎರಡು ದಿನಕ್ಕೆ ಒಪ್ಪಿಗೆ ಪತ್ರ ಬಂತು, ಜೊತೆಗೆ ಹದಿನಾಲ್ಕು ಷರತ್ತು. ಸಾಗವಾನಿಯೇ ಆಗಬೇಕು. ಯಂತ್ರದಲ್ಲಿ ಕಡೆಯಬಾರದು. ಕಬ್ಬಿಣ ಕಣ್ಣಿಗೆ ಕಾಣಬಾರದು. ಏಳನೆಯ ಷರತ್ತು: ಎತ್ತರ ಹಳೆಯದರಷ್ಟೇ ಇರಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಸಾವಿನ ಬಾಯಿಂದ ಬಂದ ಹೆಂಗಸು ಎರಡೇ ದಿನದಲ್ಲಿ ಹದಿನಾಲ್ಕು ಷರತ್ತು ಹೊಂದಿಸಿ ಬರೆದಿದ್ದರು! ಓದಿ ಹಣೆ ಚಚ್ಚಿಕೊಂಡೆ. ಸಹಿ ಅಂಕುಡೊಂಕಾಗಿತ್ತು, ಅದನ್ನು ನಾನು ಆಗ ಗಮನಿಸಲಿಲ್ಲ.

ಮೌನೇಶ ಕೆಲಸ ಹಿಡಿದ. ಹಿಡಿದ ಎಂದರೆ, ಮೊದಲ ವಾರ ಊರಲ್ಲಿ ದಾರ ಹಿಡಿದು ತಿರುಗಿದ. ಕಂಡಕಂಡವರನ್ನು ನಿಲ್ಲಿಸಿ ನೆಲದಿಂದ ಎದೆಯವರೆಗೆ ಅಳೆದು ದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದ.

"ಮೌನೇಶಣ್ಣ, ಎರಡು ತಿಂಗಳೂ ಉಳಿದಿಲ್ಲೋ ಮಾರಾಯ. ಎತ್ತರ ಎಷ್ಟಂತ ಬರದs ಕೊಟ್ಟಾರಲ್ಲ?"

"ನಮ್ಮಜ್ಜ ಅಳತಿ ತಗೊಂಡದ್ದು ಆಗಿನ ಮಂದೀದ್ರಿ. ಈಗಿನ ಮಂದಿ ಎತ್ತರ ಆಗ್ಯಾರ. ನಮ್ಮಜ್ಜ ಮಾಡಿದಷ್ಟs ಮಾಡಿದ್ರ ಇವರಿಗೆ ಎದೀಮಟ್ಟ ಬರೂದಿಲ್ಲ, ಹೊಟ್ಟಿಮಟ್ಟ ಬರ್ತೈತಿ. ಹೊಟ್ಟಿಮಟ್ಟ ಆದ್ರ ಮುಗ್ಗರಸ್ತಾರ."

ಆಮೇಲೆ ದಿನಕ್ಕೊಂದೇ ಕಂಬಿ ಕಡೆದ. ಇನ್ನೊಂದು ಎಂದರೆ ಕೈ ದಣಿದರೆ ಉಳಿ ಸುಳ್ಳು ಹೇಳುತ್ತದೆ ಎಂದ. ಬಳ್ಳೊಳ್ಳಿ ಬದಲಾಗಿದ್ದ. ತೊಲೆಗಳಿಗೆ ಒಳಗಿನಿಂದ ಕಬ್ಬಿಣ ಕೊಟ್ಟ, ಚರಂಡಿ ಸರಿ ಮಾಡಿಸಿದ. ನಕ್ಷೆಯ ಪ್ರತಿ ಹಾಳೆಗೂ ಇನ್ನೊಂದು ಹಾಳೆ ಸೇರಿಸಿದ್ದ. ಅದೇ ಕೋಣೆ, ಅದೇ ಗೋಡೆ, ಎಲ್ಲವೂ ಪಡುವಣಕ್ಕೆ ಓರೆ. ಆದರೆ ಈಗ ಅತಿಯಾಗಿ ಬದಲಾಗಿ, ಅಡಿಗೆಮನೆಯ ಸೌಟಿಗೂ ಕೊಕ್ಕೆ ಬೇಕು, ಅಂಗಳದ ತುಳಸಿಗೂ ಕಟ್ಟೆ ಬೇಕು ಎನ್ನತೊಡಗಿದ. ಒಬ್ಬ ಅವಸರದವನು, ಒಬ್ಬ ಅವಸರವೇ ಇಲ್ಲದವನು. ನಡುವೆ ನನ್ನ ರಕ್ತದೊತ್ತಡ.

ಗಡುವಿಗೆ ನಾಲ್ಕು ದಿನ ಇರುವಾಗ ಕೆಲಸ ಮುಗಿಯಿತು. ಪುರಸಭೆಯ ಸಾಹೇಬರು ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಎರಡು ಇಡ್ಲಿ ತಿಂದು, ತೊಲೆ ನೋಡಿ ಸಹಿ ಹಾಕಿದರು. ಬೀಗದ ಭಯ ಹೋಯಿತು. ಸಮಿತಿಯ ನಾಲ್ವರೂ ಬಂದರು. ಅಕ್ಕೋರು ಬರಲಿಲ್ಲ. ಹೇಳಿ ಕಳಿಸಿದರೆ ಮೈ ಸರಿಯಿಲ್ಲವಂತೆ. ಹೋಟೆಲು ತೆರೆದೆವು, ವಾರವಾಯಿತು, ಬರಲಿಲ್ಲ. ನನಗೆ ಸಿಟ್ಟು ಬಂತು. ಹದಿನಾಲ್ಕು ಷರತ್ತು ಬರೆದವರಿಗೆ ಒಮ್ಮೆ ಬಂದು ನೋಡಲು ಏನು? ಅಂದು ಮಧ್ಯಾಹ್ನ ಗಲ್ಲೆಯನ್ನು ಬೇರೆಯವರಿಗೆ ಬಿಟ್ಟು ಅವರ ಮನೆಗೇ ಹೋದೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಮುಂದಕ್ಕೆ ಮಾಡಿತ್ತಷ್ಟೇ. ತಳ್ಳಿದೆ. ಅಕ್ಕೋರು ಪಡುವಣ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಸುತ್ತ ದಿಂಬು, ಎರಡೂ ಕೈಯಲ್ಲಿ ಕಿಟಕಿಯ ಸರಳು. ಗೋಡೆಯ ಗಡಿಯಾರದಲ್ಲಿ ಎರಡೂ ಐವತ್ತು. ಊರು ವಾಲಲು ಇನ್ನೂ ಅರ್ಧ ಗಂಟೆ ಇತ್ತು.

"ಅಕ್ಕೋರ?"

"ಬಾಗಲಾ ಮುಚ್ಚು" ಎಂದರು. ಮುಚ್ಚಿದೆ. ಸರಳು ಬಿಡದೆಯೇ ಹೇಳಿದರು. "ನನಗ ಅಂಜಿಕಿ ಆಗ್ತದ ಹೇಮಾ. ಊಟಾ ಮುಗಿಯೂದs ತಡ, ಕಾಲು ನಡಗಲಿಕ್ಕೆ ಸುರು ಆಗ್ತಾವ. ಎಪ್ಪತ್ತೊಂದು ವರ್ಷದಾಗ ಒಂದು ದಿನಾ ಹಿಂಗ ಆಗಿದ್ದಿಲ್ಲ. ಯಾರ ಮುಂದ ಹೇಳ್ಲಿ? ಕೂಸುಗೋಳು ಸುದ್ದಾ ನಕ್ಕಾವು."

ಅವರ ಪಕ್ಕ ದಿಂಬು ಸರಿಸಿ ಕೂತೆ. ಊರು ವಾಲಿತು. ಅವರು ಕಣ್ಣು ಮುಚ್ಚಿ ತುಟಿಯೊಳಗೇ ಅಂಕಿ ಎಣಿಸುತ್ತಿದ್ದರು. ಸಮವಾದ ಮೇಲೆ ಎದ್ದು ಚಹಾ ಮಾಡಿಕೊಟ್ಟೆ. "ನಾಳೆ ಎರಡೂವರೆಗೆ ಬರ್ತೀನಿ, ತಯಾರಾಗಿರ್ರಿ" ಎಂದೆ. ಬರುವುದಿಲ್ಲ ಎಂದರು. ಬರುತ್ತೀರೋ ಎಂದು ನಾನು ಕೇಳಲಿಲ್ಲವಲ್ಲ ಎಂದೆ.

ಮರುದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ರಿಜಿಸ್ಟರು ಹಿಡಿದು ಸಿದ್ಧವಾಗಿದ್ದರು. ದಾರಿಯುದ್ದಕ್ಕೂ ಬೈದರು. ನನ್ನ ನಡಿಗೆ ಅವಸರದ್ದಂತೆ, ಹೋಟೆಲಿನ ಬೋರ್ಡಿನ ಅಕ್ಷರ ದಪ್ಪವಾಯಿತಂತೆ, ಕಲ್ಲುಹಾಸಿನ ಮೂರನೆಯ ಸಾಲು ತಿರುವುಮುರುವಾಗಿದೆಯಂತೆ. ಮೆಟ್ಟಿಲ ಹತ್ತಿರ ಬಂದಾಗ ಬೈಗುಳ ನಿಂತಿತು. ಒಂದೊಂದೇ ಮೆಟ್ಟಿಲು ಹತ್ತಿದೆವು. ಮೊಗಸಾಲೆಯ ತುಂಬ ಜನವಿದ್ದರು, ಸರಿದು ಜಾಗ ಬಿಟ್ಟರು. ಯಾವುದೋ ಕಂಬಿಯ ತಲೆ ಸರಿಮಾಡಲು ಬಂದಿದ್ದ ಮೌನೇಶ ಎದ್ದು ನಿಂತ. ಅಕ್ಕೋರು ಕಟಾಂಜನಕ್ಕೆ ಒಂದು ಮೊಳ ದೂರದಲ್ಲೇ ನಿಂತುಬಿಟ್ಟರು.

"ಇಲ್ಲಿಂದs ಕಾಣ್ತದ" ಎಂದರು.

ನಾನು ಮುಂದೆ ಹೋಗಿ ಎದೆಯೊತ್ತಿ ನಿಂತು ಹಿಂದಕ್ಕೆ ಕೈ ಚಾಚಿದೆ. ಬಹಳ ಹೊತ್ತಿನ ಮೇಲೆ ನನ್ನ ಮಣಿಕಟ್ಟಿನ ಮೇಲೆ ಅವರ ಬೆರಳು ಬಿದ್ದವು. ಪಕ್ಕಕ್ಕೆ ಬಂದರು. ಊರು ವಾಲಿತು. ಬೀದಿ ಎದ್ದು ಬಂತು. ಅವರ ಉಗುರು ನನ್ನ ಚರ್ಮದೊಳಗೆ ಇಳಿಯುತ್ತಿತ್ತು. ಕಟಾಂಜನ ಕಿರ್ ಎನ್ನಲಿಲ್ಲ. ನಾಲ್ಕೈದು ನಿಮಿಷವಾದ ಮೇಲೆ ಅವರ ಗದ್ದ ಕೆಳಗೆ ಬಾಗಿತು, ತಮ್ಮ ಎದೆಯನ್ನೂ ಮರವನ್ನೂ ನೋಡಿಕೊಂಡರು.

"ಮೌನೇಶ. ಎರಡು ಬೆರಳು ಹೆಚ್ಚಾಗೇದ."

"ಹೌದ್ರಿ ಅಕ್ಕೋರ."

"ಏಳನೇ ಷರತ್ತು."

"ಹೌದ್ರಿ."

"ರಿಜಿಸ್ಟರಿನ್ಯಾಗ ಬರೀಬೇಕಾಗ್ತದ."

"ಬರೀರಿ ಅಕ್ಕೋರ" ಎಂದೆ ನಾನು. "ಊರು ಸಮ ಆಗ್ಲಿ, ಕುಂತು ಬರೀರಿ."

ಊರು ಸಮವಾಯಿತು. ಜನ ಮಾತಾಡುತ್ತ ಕೆಳಗಿಳಿದರು. ಪಡಸಾಲೆಯಿಂದ ಯಾರೋ ಎರಡು ಕಾಫಿ, ಒಂದು ಉಪ್ಪಿಟ್ಟು ಎಂದು ಕೂಗಿದರು, ಯಾರೂ ಓಗೊಡದಿದ್ದಕ್ಕೆ ಮತ್ತೆ ಕೂಗಿದರು, ಮೂರನೆಯ ಸಲ ನನ್ನ ಹೆಸರು ಹಿಡಿದೇ ಕೂಗಿದರು. ಅಕ್ಕೋರು ಬೀದಿ ನೋಡುತ್ತಿದ್ದರು. ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ.